ಅಂಗೈ ಪರದೆಯಲ್ಲಿ ‘ಗರಂ ಹವಾ’

ಸಿನಿಮಾ ಬಗ್ಗೆ ಬರೆಯುವ ನಾವೆಲ್ಲ ಕಥೆ, ನಟನೆ, ನಿರ್ದೇಶನ, ಛಾಯಾಗ್ರಹಣ, ಸಂಗೀತ ಎಂದು ಕ್ರಮವಾಗಿ ಎಲ್ಲವನ್ನೂ ಚರ್ಚಿಸುತ್ತೇವೆ. ಆದರೆ ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಈ ಚಿತ್ರವನ್ನು ಜನ ಯಾವುದರ ಮೇಲೆ ನೋಡಿದರು? ಚಿತ್ರಮಂದಿರದ ಬಿಳಿ ಪರದೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾವು ವಿಮರ್ಶೆ ಬರೆಯುತ್ತಿದ್ದ ದಿನಗಳಲ್ಲಿಯೇ, ನಮ್ಮ ಸುತ್ತಲಿನ ಸಾವಿರಾರು ಜನ ಅದೇ ಚಿತ್ರವನ್ನು ಎರಡು ಅಂಗುಲದ ಮೊಬೈಲ್ ಪರದೆಯಲ್ಲಿ ನೋಡಿ ಮುಗಿಸಿದ್ದರು. ಅವರು ನೋಡಿದ್ದು ಮತ್ತು ನಾವು ನೋಡಿದ್ದು ಒಂದೇ ಚಿತ್ರವೇ? ಈ ಪ್ರಶ್ನೆ ನಮ್ಮನ್ನು ಕಾಡತೊಡಗಿದ್ದು ಕರಾವಳಿಯ ಮಿತ್ರರೊಬ್ಬರ ಒಂದು ಮಾತಿನಿಂದ.

ಅವರು ಕೊಲ್ಲಿ ರಾಷ್ಟ್ರವೊಂದರಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದವರು. ಮನೆಮಾತು ಬ್ಯಾರಿ, ಓದಿದ್ದು ಕನ್ನಡದಲ್ಲಿ, ಉರ್ದು ಅಷ್ಟಕ್ಕಷ್ಟೆ. ಮಾತಿನ ನಡುವೆ ಎಂ.ಎಸ್. ಸತ್ಯು ಅವರ ‘ಗರಂ ಹವಾ’ದ ಪ್ರಸ್ತಾಪ ಬಂತು. ತಾವು ಅದನ್ನು ನೋಡಿದ್ದಾಗಿ ಅವರು ಹೇಳಿದರು. 2007ರ ಸುಮಾರಿಗೆ, ಕೆಲಸ ಮುಗಿಸಿ ಬಂದು, ಎಂಟು ಜನ ಮಲಗುವ ಕೋಣೆಯ ಮೇಲಿನ ಮಂಚದಲ್ಲಿ ಮಲಗಿಕೊಂಡು, ಮೊಬೈಲ್‌ನಲ್ಲಿ, ಮೂರು ರಾತ್ರಿ ನೋಡಿದ್ದರಂತೆ. ಚಿತ್ರ ಬಹಳ ಹಿಡಿಸಿತ್ತು. ಆದರೆ ಕೊನೆಗೆ ಅವರು ಸೇರಿಸಿದ ಮಾತು ಇದು: “ಪಾಪ, ಆ ಮಿರ್ಜಾ ಸಾಹೇಬರು ಕಡೆಗೂ ಊರು ಬಿಟ್ಟು ಹೋಗಿಯೇ ಬಿಟ್ಟರಲ್ಲ!”

ನಾವು ಬೆಚ್ಚಿಬಿದ್ದೆವು. ಚಿತ್ರ ನೋಡಿದವರಿಗೆಲ್ಲ ಗೊತ್ತು, ಸಲೀಂ ಮಿರ್ಜಾ ಹೋಗುವುದಿಲ್ಲ. ಹೋಗದಿರುವುದೇ ಚಿತ್ರ. ಆಗ್ರಾದಲ್ಲಿ ಪಾದರಕ್ಷೆ ತಯಾರಿಸುವ ಈ ಮನುಷ್ಯನ ಅಣ್ಣ ಪಾಕಿಸ್ತಾನಕ್ಕೆ ಹೋಗಿದ್ದಾನೆ. ಅಣ್ಣನ ಹೆಸರಿನಲ್ಲಿದ್ದ ಹವೇಲಿ ಕೈತಪ್ಪಿದೆ. ವ್ಯಾಪಾರ ಕುಸಿದಿದೆ. ಮಗಳು ಅಮೀನಾ ಪ್ರಾಣ ಕಳೆದುಕೊಂಡಿದ್ದಾಳೆ. ಎಲ್ಲವನ್ನೂ ಕಳೆದುಕೊಂಡ ಮೇಲೆ ಹೆಂಡತಿ ಮತ್ತು ಕಿರಿಯ ಮಗ ಸಿಕಂದರನ ಜೊತೆ ಟಾಂಗಾ ಹತ್ತಿ ಅವನೂ ರೈಲು ನಿಲ್ದಾಣಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಒಂದು ಮೆರವಣಿಗೆ ಅಡ್ಡ ಬರುತ್ತದೆ. ಕೆಲಸ ಕೇಳುವವರ, ಹಕ್ಕು ಕೇಳುವವರ ಮೆರವಣಿಗೆ. ಮೊದಲು ಮಗ ಇಳಿದು ಸೇರಿಕೊಳ್ಳುತ್ತಾನೆ. ಆಮೇಲೆ ಟಾಂಗಾವನ್ನು ಮನೆಯ ಕಡೆ ತಿರುಗಿಸಿ ಕಳುಹಿಸಿ, ಅಪ್ಪನೂ ಆ ಜನರ ನಡುವೆ ನಡೆದು ಹೋಗುತ್ತಾನೆ. ದೇಶ ಇಬ್ಭಾಗವಾದ ಮೇಲೆ ಇಲ್ಲಿಯೇ ಉಳಿದ ಮುಸ್ಲಿಮನೊಬ್ಬ ತನ್ನ ಒಂಟಿತನದಿಂದ ಹೊರಬಂದು ಇತರರ ಕಷ್ಟದ ಜೊತೆ ತನ್ನ ಕಷ್ಟವನ್ನು ಬೆರೆಸುವ ಗಳಿಗೆ ಅದು.

ಅಂಥ ಗಳಿಗೆಯನ್ನು ಒಬ್ಬ ಸೂಕ್ಷ್ಮ ನೋಡುಗ ತಲೆಕೆಳಗಾಗಿ ಅರ್ಥ ಮಾಡಿಕೊಂಡದ್ದು ಹೇಗೆ? ಭಾಷೆಯ ತೊಡಕು ಎಂದು ಮೊದಲು ಅಂದುಕೊಂಡೆವು. ಮಿತ್ರರು ಹಳೆಯ ಪೆಟ್ಟಿಗೆಯಿಂದ ಆ ಮೆಮೊರಿ ಕಾರ್ಡನ್ನೇ ಹುಡುಕಿ ತಂದುಕೊಟ್ಟರು. ನಾವು ಅದನ್ನು ಹಾಕಿ ಕೊನೆಯ ಹತ್ತು ನಿಮಿಷ ನೋಡಿದೆವು. ತಪ್ಪು ಅವರದ್ದಾಗಿರಲಿಲ್ಲ.

ಆ ಕಾರ್ಡಿನಲ್ಲಿದ್ದದ್ದು ಏನು ಎಂದು ತಿಳಿಯಲು ಸ್ವಲ್ಪ ಲೆಕ್ಕ ಹೇಳಬೇಕಾಗುತ್ತದೆ. ಓದುಗರು ಸಹಿಸಿಕೊಳ್ಳಬೇಕು, ಏಕೆಂದರೆ ಈ ವಿಮರ್ಶೆಯ ತಿರುಳು ಆ ಲೆಕ್ಕದಲ್ಲಿಯೇ ಇದೆ. ಆ ಕಾಲದ ಮೊಬೈಲ್‌ಗಳಿಗೆಂದು ಚಿತ್ರಗಳನ್ನು 3ಜಿಪಿ ಎಂಬ ಕಡತವಾಗಿ ಪರಿವರ್ತಿಸುವುದು ವಾಡಿಕೆಯಾಗಿತ್ತು. ಅದರಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದ ಬಿಂಬದ ಅಳತೆ ಅಡ್ಡಕ್ಕೆ 176, ಉದ್ದಕ್ಕೆ 144 ಚುಕ್ಕೆಗಳು, ಅಂದರೆ ಒಟ್ಟು 25,344. ಪಾಲ್ ಪದ್ಧತಿಯ ಡಿವಿಡಿಯಲ್ಲಿ ಒಂದು ಬಿಂಬಕ್ಕೆ 720 ಮತ್ತು 576, ಒಟ್ಟು 4,14,720 ಚುಕ್ಕೆಗಳು. ಹದಿನಾರು ಚುಕ್ಕೆ ಇದ್ದಲ್ಲಿ ಒಂದನ್ನು ಉಳಿಸಿ ಹದಿನೈದನ್ನು ಬಿಟ್ಟಂತಾಯಿತು. ‘ಗರಂ ಹವಾ’ದ ಅವಧಿ ಎರಡೂವರೆ ಗಂಟೆಗೆ ಸ್ವಲ್ಪ ಕಡಿಮೆ. 4.7 ಜಿಬಿಯ ಡಿವಿಡಿ ತುಂಬುವಷ್ಟು ಚಿತ್ರವನ್ನು 100 ಎಂಬಿಗೆ ಇಳಿಸಿದರೆ ಮೂಲದ ಮಾಹಿತಿಯಲ್ಲಿ 47ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಮಿತ್ರರ ಕಾರ್ಡಿನಲ್ಲಿದ್ದದ್ದು ಸುಮಾರು ಅಷ್ಟೇ ಗಾತ್ರದ ಕಡತ.

ಹಾಗಾದರೆ 46 ಪಾಲು ಯಾವುದು ಹೋಯಿತು? ಅದನ್ನು ಯಾರು ನಿರ್ಧರಿಸಿದರು? ಇಲ್ಲಿಯೇ ಪರಿವರ್ತನೆ ಎಂಬುದು ಬರೀ ಯಂತ್ರದ ಕೆಲಸವಲ್ಲ, ಒಂದು ಬಗೆಯ ಸಂಕಲನ ಎಂಬ ವಿಷಯ ಸ್ಪಷ್ಟವಾಗುವುದು. ಪರಿವರ್ತಿಸುವ ತಂತ್ರಾಂಶ ಪ್ರತಿ ಬಿಂಬವನ್ನೂ 16 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. 176ಕ್ಕೆ 144ರ ಬಿಂಬದಲ್ಲಿ ಅಡ್ಡಕ್ಕೆ 11, ಉದ್ದಕ್ಕೆ 9, ಒಟ್ಟು 99 ಚೌಕಗಳು. ಒಂದು ಬಿಂಬವನ್ನು ಪೂರ್ತಿಯಾಗಿ ಬರೆದಿಟ್ಟುಕೊಂಡು, ಮುಂದಿನ ಬಿಂಬದಲ್ಲಿ ಯಾವ ಚೌಕ ಬದಲಾಗಿದೆ, ಯಾವುದು ಎಲ್ಲಿಗೆ ಸರಿದಿದೆ ಎಂಬುದನ್ನು ಮಾತ್ರ ದಾಖಲಿಸುತ್ತದೆ. ಬದಲಾಗದ ಚೌಕಕ್ಕೆ ಬಹುತೇಕ ಖರ್ಚೇ ಇಲ್ಲ. ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತದೆ, ಏಕೆಂದರೆ ನಮ್ಮ ಕಣ್ಣು ಬಣ್ಣದ ಸೂಕ್ಷ್ಮವನ್ನು ಅಷ್ಟಾಗಿ ಗುರುತಿಸುವುದಿಲ್ಲ. ಜಾಗ ಸಾಲದಾದಾಗ ಚೌಕದೊಳಗಿನ ಸಣ್ಣ ವಿವರಗಳನ್ನು ಮೊದಲು ಕೈಬಿಟ್ಟು ದಪ್ಪ ವಿವರಗಳನ್ನು ಉಳಿಸಿಕೊಳ್ಳುತ್ತದೆ. ಮಿತವ್ಯಯದ ದೃಷ್ಟಿಯಿಂದ ಇದು ಬಹಳ ಜಾಣ ಉಪಾಯ. ಆದರೆ ಈ ಜಾಣತನಕ್ಕೆ ಒಂದು ಒಲವಿದೆ. ಅದು ನಿಂತದ್ದನ್ನು ಮೆಚ್ಚುತ್ತದೆ, ಚಲಿಸುವುದನ್ನು ಶಿಕ್ಷಿಸುತ್ತದೆ. ಹತ್ತಿರದ ಒಂದು ಮುಖ ಅದಕ್ಕೆ ಅಗ್ಗ. ದೂರದ ನೂರು ಮುಖಗಳು ಬಹಳ ದುಬಾರಿ.

ಈ ಒಲವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರ್ಡಿನ ಪ್ರತಿಯನ್ನು ಪೂರ್ತಿ ನೋಡಿದೆವು. ಆರಂಭದಲ್ಲಿ ದೇಶವಿಭಜನೆಯ ಕಾಲದ ಸ್ಥಿರಚಿತ್ರಗಳು ಬರುತ್ತವೆ. ಅವು ಚೆನ್ನಾಗಿಯೇ ಉಳಿದಿದ್ದವು. ಸ್ಥಿರಚಿತ್ರ ಅಲುಗಾಡುವುದಿಲ್ಲ, ಅದಕ್ಕೆ ಖರ್ಚಿಲ್ಲ. ಬಲರಾಜ್ ಸಾಹ್ನಿಯವರ ಮುಖ ಪರದೆ ತುಂಬಿದಾಗಲೆಲ್ಲ ಚಿತ್ರ ಜೀವಂತವಾಗುತ್ತಿತ್ತು. ಅವರು ಹೆಚ್ಚು ಅಲುಗಾಡದ ನಟ. ಕಣ್ಣಿನ ಸುತ್ತ ಒಂದು ನೆರಳು, ತುಟಿಯಂಚಿನಲ್ಲಿ ಒಂದು ಬಿಗಿತ, ಅಷ್ಟರಲ್ಲಿಯೇ ಮನೆ ಕಳೆದುಕೊಂಡವನ ಮರ್ಯಾದೆಯನ್ನು ತೋರಿಸುತ್ತಾರೆ. ಎರಡು ಅಂಗುಲದಲ್ಲಿಯೂ ಅದು ತಲುಪುತ್ತದೆ. ಮಿತ್ರರಿಗೆ ಚಿತ್ರ ಹಿಡಿಸಿದ್ದು ಸುಮ್ಮನೆ ಅಲ್ಲ.

ಕಳೆದುಹೋದದ್ದು ಅದರಾಚೆಗಿನದು. ಮೊದಲು ಹೋದದ್ದು ಹವೇಲಿ. ಈ ಚಿತ್ರದಲ್ಲಿ ಮನೆಯೇ ಒಂದು ಪಾತ್ರ. ಮನೆ ಬಿಡಲೊಪ್ಪದೆ ಅಡಗಿ ಕೂತ ವೃದ್ಧ ತಾಯಿಯನ್ನು ಹೊರಗೆ ಕರೆತರಬೇಕಾಗುತ್ತದೆ. ಸಾಯುವ ಮುನ್ನ ಅವಳನ್ನು ಮತ್ತೆ ಅದೇ ಹವೇಲಿಗೆ ಹೊತ್ತು ತರುತ್ತಾರೆ. ಅವಳ ಕಣ್ಣು ಆ ಗೋಡೆಗಳ ಮೇಲೆ ಆಡುವಾಗ ನಮ್ಮ ಕಣ್ಣೂ ಆಡಬೇಕು. ಕಾರ್ಡಿನ ಪ್ರತಿಯಲ್ಲಿ ಗೋಡೆಗಳೇ ಇರಲಿಲ್ಲ. ಮಬ್ಬುಬೆಳಕಿನ ಒಳಾಂಗಣ ಕಪ್ಪು ಕಂದು ಪಟ್ಟಿಗಳಾಗಿ ಒಡೆದುಹೋಗಿತ್ತು. ಕತ್ತಲೆಯ ಸೂಕ್ಷ್ಮ ಛಾಯೆಗಳನ್ನು ಯಂತ್ರ ಅನವಶ್ಯಕ ಎಂದು ಬದಿಗೆ ಸರಿಸಿತ್ತು. ಮುದುಕಿಯೊಬ್ಬಳು ಎಲ್ಲೋ ಒಂದು ಕಡೆ ಸತ್ತಳು ಎಂಬಷ್ಟು ತಿಳಿಯುತ್ತದೆ. ತನ್ನ ಮನೆಯಲ್ಲಿ ಸತ್ತಳು ಎಂಬುದು ತಿಳಿಯುವುದಿಲ್ಲ.

ಕೊನೆಗೆ ಮೆರವಣಿಗೆ. ಇಲ್ಲಿ ಯಂತ್ರಕ್ಕೆ ಅತಿ ಕಷ್ಟವಾದ ಎಲ್ಲವೂ ಒಟ್ಟಿಗೆ ಬರುತ್ತವೆ. ನೂರಾರು ಜನ, ಪ್ರತಿಯೊಬ್ಬರದೂ ಬೇರೆ ಬೇರೆ ನಡಿಗೆ, ಬಾವುಟಗಳು, ಫಲಕಗಳು, ಎತ್ತಿದ ಕೈಗಳು. 99 ಚೌಕಗಳಲ್ಲಿ ಒಂದೊಂದು ಚೌಕದೊಳಗೆ ಮೂರು ನಾಲ್ಕು ಮನುಷ್ಯರು. ಯಾವ ಚೌಕವೂ ಹಿಂದಿನ ಬಿಂಬದಂತೆ ಇಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಆದರೆ ಬರೆಯಲು ಜಾಗವಿಲ್ಲ. ಆಗ ಯಂತ್ರ ಮಾಡುವುದು ಒಂದೇ ಕೆಲಸ, ಎಲ್ಲರನ್ನೂ ಸಾರಿಸಿ ಒಂದು ಬಣ್ಣ ಬಳಿದುಬಿಡುತ್ತದೆ. ಮಿತ್ರರ ಕಾರ್ಡಿನಲ್ಲಿ ಮೆರವಣಿಗೆಯ ಜಾಗದಲ್ಲಿ ಇದ್ದದ್ದು ಬೂದು ಬಣ್ಣದ, ಮಿಸುಕಾಡುವ ಒಂದು ಮಂಜು. ಸಲೀಂ ಮಿರ್ಜಾ ಟಾಂಗಾದಿಂದ ಇಳಿದು ಆ ಮಂಜಿನೊಳಗೆ ನಡೆದು ಮಾಯವಾಗುತ್ತಾನೆ. ಹೀಗೆ ಕಂಡರೆ ಯಾರಾದರೂ ಏನು ತಿಳಿಯಬೇಕು? ಮನುಷ್ಯ ಹೊರಟುಹೋದ, ಅಷ್ಟೇ. ಜನರ ಜೊತೆ ಸೇರಿದ ಎಂದು ತಿಳಿಯಲು ಮೊದಲು ಅಲ್ಲಿ ಜನ ಕಾಣಬೇಕಲ್ಲ!

ಇದು ಬರೀ ಸ್ಪಷ್ಟತೆಯ ಕೊರತೆ ಎನ್ನುವಂತಿಲ್ಲ. ನಾಯಕನನ್ನು ಉಳಿಸಿ ಜನಸಮೂಹವನ್ನು ಅಳಿಸುವ ಪರಿವರ್ತನೆ ಚಿತ್ರದ ಅರ್ಥವನ್ನೇ ಬದಲಿಸಿಬಿಟ್ಟಿದೆ. ಒಬ್ಬ ಒಳ್ಳೆಯ ಮುಸ್ಲಿಮನ ವೈಯಕ್ತಿಕ ದುರಂತ ಎಂಬ ಕಥೆ ಉಳಿದಿದೆ. ಆ ದುರಂತಕ್ಕೆ ಚಿತ್ರ ಕೊಟ್ಟ ಉತ್ತರ ಹೋಗಿದೆ. ನೂರಾರು ಮುಖಗಳ ನಡುವೆ ಒಂದು ಮುಖವಾಗುವುದೇ ಮಿರ್ಜಾನ ಬಿಡುಗಡೆ ಎನ್ನುವ ಚಿತ್ರದಲ್ಲಿ, ನೂರಾರು ಮುಖಗಳನ್ನು ಬಿಟ್ಟರೂ ನಡೆಯುತ್ತದೆ ಎಂದು ಯಂತ್ರ ತೀರ್ಮಾನಿಸಿತು.

ಎಲ್ಲ ಚಿತ್ರಗಳಿಗೂ ಇದೇ ಗತಿಯೇ ಎಂದು ಓದುಗರು ಕೇಳಬಹುದು. ಇಲ್ಲ. ನಮ್ಮದೇ ರಾಮನಗರದ ಬಂಡೆಗಳ ನಡುವೆ ತೆಗೆದ, 1975ರ ‘ಶೋಲೆ’ಯನ್ನು ನೋಡಿ. 70 ಎಂ.ಎಂ. ಪರದೆಗೆಂದು ಸಿದ್ಧಪಡಿಸಿದ ಚಿತ್ರವದು. ಎತ್ತರ ಒಂದಾದರೆ ಅಗಲ 2.2. ಆ ಆಕಾರವನ್ನು ಹಾಗೆಯೇ ಉಳಿಸಿಕೊಂಡು 176 ಚುಕ್ಕೆ ಅಗಲಕ್ಕೆ ಇಳಿಸಿದರೆ ಎತ್ತರಕ್ಕೆ ಸಿಗುವುದು ಬರೀ 80 ಸಾಲು. ಬಂಡೆಗಳು ಕಡಲೆಕಾಳಿನಷ್ಟಾಗುತ್ತವೆ. ಆದರೂ ಜನ ಅದನ್ನು ಮೊಬೈಲ್‌ನಲ್ಲಿ ಸಂತೋಷದಿಂದ ನೋಡಿದರು. ಕಾರಣ, ‘ಶೋಲೆ’ ಅದಾಗಲೇ ಅವರ ಕಿವಿಯಲ್ಲಿತ್ತು. ಅದರ ಸಂಭಾಷಣೆಗಳೇ ಧ್ವನಿಮುದ್ರಿಕೆಗಳಾಗಿ ಮಾರಾಟವಾಗಿ ಊರೂರುಗಳಲ್ಲಿ ಮೊಳಗಿದ್ದವು. ಪರದೆಯಲ್ಲಿ ಕಾಣದ್ದನ್ನು ನೆನಪು ತುಂಬಿಕೊಡುತ್ತಿತ್ತು. ಎ.ಕೆ. ಹಾನಗಲ್ ಅವರು ಎರಡೂ ಚಿತ್ರಗಳಲ್ಲಿದ್ದಾರೆ. ‘ಶೋಲೆ’ಯಲ್ಲಿ ಮಗನನ್ನು ಕಳೆದುಕೊಂಡ ಕುರುಡು ಇಮಾಂ ಸಾಹೇಬ, ‘ಗರಂ ಹವಾ’ದಲ್ಲಿ ಹವೇಲಿಗೆ ಬರುವ ಸಿಂಧಿ ವ್ಯಾಪಾರಿ ಅಜಮಾನಿ. ಇಮಾಂ ಸಾಹೇಬನನ್ನು ಚಿತ್ರ ನೋಡದವರೂ ಬಲ್ಲರು. ತಾನೂ ನಿರಾಶ್ರಿತನಾಗಿ ಬಂದ ಅಜಮಾನಿಯನ್ನು ಚಿತ್ರದಲ್ಲಿ ಕಂಡೇ ಅರಿಯಬೇಕು. ಪ್ರಸಿದ್ಧವಾದದ್ದು ಪರಿವರ್ತನೆಯನ್ನು ತಾಳಿಕೊಳ್ಳುತ್ತದೆ. ಅಷ್ಟಾಗಿ ಪ್ರಸಿದ್ಧವಲ್ಲದ್ದು, ನಿಧಾನವಾದದ್ದು, ಗದ್ದಲವಿಲ್ಲದ್ದು ತಾಳಿಕೊಳ್ಳುವುದಿಲ್ಲ. ಇದ್ದವರಿಗೇ ಮತ್ತಷ್ಟು ಎಂಬ ಲೋಕದ ನ್ಯಾಯ ಇಲ್ಲಿಯೂ ನಡೆಯುತ್ತದೆ.

ಕಿವಿಯ ಮಾತು ಬಂದುದರಿಂದ ಧ್ವನಿಯ ಬಗ್ಗೆಯೂ ಹೇಳಬೇಕು. ಆ 3ಜಿಪಿ ಕಡತಗಳಲ್ಲಿ ಬಹಳಷ್ಟರ ಧ್ವನಿ ಎಎಂಆರ್ ಎಂಬ ಪದ್ಧತಿಯದು. ಅದು ದೂರವಾಣಿಯ ಮಾತುಕತೆಗೆಂದು ರೂಪಿಸಿದ್ದು. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಮಾದರಿ ತೆಗೆದರೆ ಇದರಲ್ಲಿ 8,000 ಸಲ. ಮಾತು ತಿಳಿಯುತ್ತದೆ, ಆದರೆ ಹಾಡು ತಿಳಿಯುವುದಿಲ್ಲ. ‘ಗರಂ ಹವಾ’ದಲ್ಲಿ ಫತೇಪುರ್ ಸಿಕ್ರಿಯ ಸಲೀಂ ಚಿಶ್ತಿಯವರ ದರ್ಗಾದಲ್ಲಿ ಅಜೀಜ್ ಅಹ್ಮದ್ ಖಾನ್ ವಾರ್ಸಿಯವರ ಒಂದು ಖವ್ವಾಲಿಯಿದೆ. ಖವ್ವಾಲಿ ಎಂದರೆ ಗುಂಪಿನ ಹಾಡುಗಾರಿಕೆ. ಮುಖ್ಯ ಗಾಯಕನ ಧ್ವನಿಯನ್ನು ಹಿಂದಿನವರು ಎತ್ತಿ ಹಿಡಿಯಬೇಕು, ಚಪ್ಪಾಳೆ ಬೀಳಬೇಕು, ಹಾರ್ಮೋನಿಯಂ ತುಂಬಿಕೊಳ್ಳಬೇಕು. ಕಾರ್ಡಿನ ಪ್ರತಿಯಲ್ಲಿ ಮುಖ್ಯ ಧ್ವನಿ ಮಾತ್ರ ಉಳಿದು, ಚಪ್ಪಾಳೆ ಮರಳು ಸುರಿದಂತೆ ಕೇಳುತ್ತಿತ್ತು. ಇಲ್ಲಿಯೂ ಉಳಿದದ್ದು ಒಬ್ಬ, ಹೋದದ್ದು ಸಮೂಹ. ಮೆರವಣಿಗೆಯ ಘೋಷಣೆಗಳ ಗತಿಯೂ ಹಾಗೆಯೇ ಆಗಿತ್ತು.

ಇನ್ನು ಅಡಿಬರಹ. ಉರ್ದು ಸರಿಯಾಗಿ ಬಾರದ ನಮ್ಮ ಮಿತ್ರರಿಗೆ ಕನ್ನಡದ ಅಡಿಬರಹ ಇದ್ದಿದ್ದರೆ ಅನುಕೂಲವಾಗುತ್ತಿತ್ತು. ಆದರೆ ಕೈಸಾಧನಗಳಿಗೆ ಪರಿವರ್ತಿಸುವಾಗ ಮೊದಲು ಬಿದ್ದುಹೋಗುತ್ತಿದ್ದದ್ದೇ ಅಡಿಬರಹ. ಅಕ್ಷರಗಳನ್ನು ಬಿಂಬದ ಮೇಲೆಯೇ ಅಚ್ಚೊತ್ತಿದರೆ ಮಾತ್ರ ಅವು ಉಳಿಯುತ್ತಿದ್ದವು. ಅಚ್ಚೊತ್ತಿದರೂ 144 ಸಾಲಿನ ಬಿಂಬದಲ್ಲಿ ಕನ್ನಡಕ್ಕೆ ಜಾಗವೆಲ್ಲಿ? ಇಂಗ್ಲಿಷ್ ಅಕ್ಷರ ಒಂದು ಗೆರೆಯ ಮೇಲೆ ಕೂರುತ್ತದೆ. ನಮ್ಮದು ಮೇಲೆ ಗುಡಿಸು ಏರಿಸಿ, ಕೆಳಗೆ ಒತ್ತು ಇಳಿಸಿ ನಿಲ್ಲುವ ಲಿಪಿ. ‘ರಾಷ್ಟ್ರ’ ಎಂಬ ಒಂದು ಪದವನ್ನು ಓದುವಂತೆ ಬಿಡಿಸಲು ಬೇಕಾದ ಎತ್ತರವನ್ನು ಕೊಟ್ಟರೆ ನಟರ ಗಲ್ಲದವರೆಗೆ ಅಕ್ಷರ ಏರುತ್ತದೆ. ಅಕ್ಷರ ಜೋಡಿಸುವ ಏರ್ಪಾಡು ಇಲ್ಲದ ತಂತ್ರಾಂಶಗಳಲ್ಲಂತೂ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತಿತ್ತು. ಪರದೆಯ ಅಳತೆಯನ್ನು ನಿರ್ಧರಿಸಿದವರ ಕಣ್ಣಮುಂದೆ ಕನ್ನಡದ ಒತ್ತಕ್ಷರ ಇರಲಿಲ್ಲ ಎಂಬುದರಲ್ಲಿ ಅಚ್ಚರಿಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮೇಲೆ ಒಂದು ಆಕ್ಷೇಪ ಬರುವುದು ಸಹಜ. “ನೀವು ಚಿತ್ರಮಂದಿರದಲ್ಲಿ ಕೂತು ನೋಡಿದವರು. ಆ ಭಾಗ್ಯ ಇಲ್ಲದವರು ಮೊಬೈಲ್‌ನಲ್ಲಿಯಾದರೂ ನೋಡಿದರಲ್ಲ, ಅದಕ್ಕೆ ಸಂತೋಷಪಡಬೇಡವೇ?” ಆಕ್ಷೇಪದಲ್ಲಿ ನ್ಯಾಯವಿದೆ. ಮೈಸೂರಿನಲ್ಲಿ ಹುಟ್ಟಿದ ಸತ್ಯು ಅವರು ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆಯಿಂದ ಈ ಚಿತ್ರ ಮಾಡಿದರು. ಚಿತ್ರಕಥೆ ಕೈಫಿ ಅಜ್ಮಿ ಮತ್ತು ಶಮಾ ಜೈದಿ ಅವರದು. ಕೋಮುಗಲಭೆಗೆ ಕಾರಣವಾದೀತೆಂಬ ಭಯದಿಂದ ಸೆನ್ಸಾರ್ ಮಂಡಳಿ ತಿಂಗಳುಗಟ್ಟಲೆ ಅದನ್ನು ತಡೆಹಿಡಿಯಿತು. ಕಡೆಗೆ ಅದು ತೆರೆ ಕಂಡದ್ದು ಮೊದಲು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಆಮೇಲೆ ರಾಷ್ಟ್ರಪ್ರಶಸ್ತಿ ಬಂತು, ಆಸ್ಕರ್‌ಗೆ ಭಾರತದ ಅಧಿಕೃತ ಪ್ರವೇಶವಾಗಿ ಹೋಯಿತು. ಸರಿಪಡಿಸಿದ ಹೊಸ ಪ್ರತಿ ಚಿತ್ರಮಂದಿರಗಳಿಗೆ ಬಂದದ್ದು 2014ರ ನವೆಂಬರ್‌ನಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಕರಾವಳಿಯ ಒಬ್ಬ ಕಾರ್ಮಿಕನಿಗೆ, ಚಿತ್ರಮಂದಿರಕ್ಕೆ ಕಾಲಿಡದ ಒಂದು ಮನೆಯ ಹೆಣ್ಣುಮಗಳಿಗೆ ಈ ಚಿತ್ರ ಎಲ್ಲಿ ಸಿಗಬೇಕಿತ್ತು? ಕಾರ್ಡ್ ತುಂಬಿಕೊಡುವ ಅಂಗಡಿಯವನಿಗೆ ಅದನ್ನು ಹಂಚುವ ಹಕ್ಕು ಇರಲಿಲ್ಲ, ನಿಜ. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹಕ್ಕಿದ್ದವರು ಆ ಕೋಣೆಯ ಮೇಲಿನ ಮಂಚದವರೆಗೆ ತಲುಪಿಸಲಿಲ್ಲ ಎಂಬುದೂ ನಿಜವೇ.

ಆದರೆ ಇದೇ ಕಾರಣಕ್ಕಾಗಿ ನಮ್ಮ ಮಾತು ಇನ್ನಷ್ಟು ಗಟ್ಟಿಯಾಗಬೇಕು. ನಷ್ಟ ಯಾರ ಪಾಲಿಗೆ ಬಂತು ಎಂದು ನೋಡಬೇಕು. ಅದೇ ಕಾಲದಲ್ಲಿ, ಹಣವಿದ್ದವರ ಕೈಯಲ್ಲಿಯೂ ಕೈಸಾಧನಗಳಿದ್ದವು. 2005ರ ಅಕ್ಟೋಬರ್‌ನಲ್ಲಿ ಬಂದ ವಿಡಿಯೊ ಐಪಾಡ್‌ನ ಪರದೆ 320ಕ್ಕೆ 240 ಚುಕ್ಕೆ. 2004ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಪಿಎಸ್‌ಪಿಯದು 480ಕ್ಕೆ 272. ಐಪಾಡ್‌ನಲ್ಲಿ 2003ರಲ್ಲಿ ಸಿದ್ಧವಾದ ಎಚ್.264 ಎಂಬ ಉತ್ತಮ ಪದ್ಧತಿಯ ಕಡತಗಳೂ ಓಡುತ್ತಿದ್ದವು. ದುಬಾರಿ ಸಾಧನ ಕೊಂಡವನಿಗೆ ಮೆರವಣಿಗೆಯಲ್ಲಿ ಒಂದಿಷ್ಟು ಮನುಷ್ಯರಾದರೂ ಕಂಡಿರುತ್ತಾರೆ. ಅಗ್ಗದ ಮೊಬೈಲ್ ಕೊಂಡವನಿಗೆ ಮಂಜು ಕಂಡಿತು. ಬಡವನಿಗೆ ಕೊಡುವುದು ಹೇಗಿದ್ದರೂ ನಡೆಯುತ್ತದೆ ಎಂಬ ಧೋರಣೆಯನ್ನು ನಾವು ಅಕ್ಕಿಯಲ್ಲಿ ಒಪ್ಪುವುದಿಲ್ಲ, ಔಷಧಿಯಲ್ಲಿ ಒಪ್ಪುವುದಿಲ್ಲ. ಕಲೆಯಲ್ಲಿ ಮಾತ್ರ ಏಕೆ ಒಪ್ಪಬೇಕು?

ವಿಪರ್ಯಾಸವೆಂದರೆ ಎಚ್ಚರದಿಂದ ಪರಿವರ್ತಿಸಲು ಹೆಚ್ಚು ಹಣ ಬೇಕಿಲ್ಲ. ಈ ಕೆಲಸದ ಮುಖ್ಯ ತಂತ್ರಾಂಶಗಳು ಮುಕ್ತವಾಗಿ ಸಿಗುತ್ತವೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್, 2003ರಲ್ಲಿ ಹುಟ್ಟಿದ ಹ್ಯಾಂಡ್‌ಬ್ರೇಕ್ ಎರಡೂ ಉಚಿತ. ಬೇಕಾದದ್ದು ಸಮಯ ಮತ್ತು ಅಕ್ಕರೆ. ತಂತ್ರಾಂಶಕ್ಕೆ ಚಿತ್ರವನ್ನು ಒಂದು ಸಲ ಪೂರ್ತಿ ಓದಲು ಬಿಟ್ಟು, ಎಲ್ಲಿ ಕಷ್ಟವಿದೆ ಎಂದು ಗುರುತಿಸಿಕೊಂಡ ಮೇಲೆ ಎರಡನೆಯ ಸಲ ಬರೆಯಲು ಹೇಳಿದರೆ, ಅದು ನಿಂತ ದೃಶ್ಯಗಳಲ್ಲಿ ಉಳಿಸಿದ ಜಾಗವನ್ನು ಮೆರವಣಿಗೆಗೆ ಕೊಡುತ್ತದೆ. ಕಡತದ ಗಾತ್ರ ಅಷ್ಟೇ ಇರುತ್ತದೆ, ಹಂಚಿಕೆ ಬದಲಾಗುತ್ತದೆ. ಬಿಂಬದ ಆಕಾರವನ್ನು ಪರದೆಗೆ ತಕ್ಕಂತೆ ಎಳೆದು ಮುಖಗಳನ್ನು ಕುಂಬಳಕಾಯಿ ಮಾಡದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟುಕೊಂಡರೂ ಮೂಲ ಆಕಾರ ಉಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪರಿವರ್ತಿಸಿದ ಮೇಲೆ ಪರೀಕ್ಷಿಸಬೇಕಾದದ್ದು ಮೊದಲ ಐದು ನಿಮಿಷವನ್ನಲ್ಲ, ಚಿತ್ರದ ಅತಿ ಕಷ್ಟದ ದೃಶ್ಯವನ್ನು. ನಾಯಕನ ಮುಖ ಚೆನ್ನಾಗಿ ಬಂದಿದೆಯೇ ಎಂದು ಎಲ್ಲರೂ ನೋಡುತ್ತಾರೆ. ಗುಂಪಿನಲ್ಲಿ ಹಿಂದಿನ ಸಾಲಿನವನು ಮನುಷ್ಯನಂತೆ ಕಾಣುತ್ತಾನೆಯೇ ಎಂದು ನೋಡಬೇಕು. ಎಲ್ಲ ಚಿತ್ರಗಳಿಗೂ ಒಂದೇ ಅಳತೆ ಸಲ್ಲದು ಎಂಬುದನ್ನು ದೊಡ್ಡ ಕಂಪೆನಿಗಳೂ ತಡವಾಗಿ ಒಪ್ಪಿಕೊಂಡವು. ನೆಟ್‌ಫ್ಲಿಕ್ಸ್ ಸಂಸ್ಥೆ ಪ್ರತಿ ಚಿತ್ರಕ್ಕೂ ಅದರ ಸ್ವಭಾವಕ್ಕೆ ತಕ್ಕ ಪರಿವರ್ತನೆಯ ಕ್ರಮವನ್ನು ಪ್ರಕಟಿಸಿದ್ದು 2015ರ ಡಿಸೆಂಬರ್‌ನಲ್ಲಿ.

ಇದೆಲ್ಲ ಹಳೆಯ ಮೊಬೈಲ್‌ಗಳ ಕಥೆ, ಈಗ ಎಲ್ಲರ ಕೈಯಲ್ಲಿಯೂ ದೊಡ್ಡ ಪರದೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಪರದೆ ದೊಡ್ಡದಾದರೂ ಅದಕ್ಕೆ ಬರುವ ಬಿಂಬ ಸಣ್ಣದಾಗಿಯೇ ಇರಬಹುದು. ಡೇಟಾ ಉಳಿಸಲು ಯೂಟ್ಯೂಬ್‌ನಲ್ಲಿ 144ಪಿ ಆರಿಸಿಕೊಂಡವನಿಗೆ ಸಿಗುವುದು ಮಿತ್ರರ ಮೊಬೈಲ್‌ನಲ್ಲಿದ್ದ ಅದೇ 144 ಸಾಲು, ಅಗಲದಲ್ಲಿ ಮಾತ್ರ ತುಸು ಹೆಚ್ಚು. ಹೊಸ ಪದ್ಧತಿಗಳು ಚೌಕಗಳ ಅಂಚನ್ನು ನಯವಾಗಿ ತೀಡುವುದರಿಂದ ನಷ್ಟ ಕಣ್ಣಿಗೆ ಬೀಳುವುದೂ ಕಡಿಮೆ. ಹಿಂದೆ ಬಿಂಬ ಒಡೆದಿದೆ ಎಂದು ನೋಡಿದೊಡನೆ ತಿಳಿಯುತ್ತಿತ್ತು. ಈಗ ಮುಖವಿಲ್ಲದ ಗುಂಪು ಸಹಜವಾದ ಗುಂಪಿನಂತೆಯೇ ಕಾಣುತ್ತದೆ.

ಸಿನಿಮಾದಾಚೆಗೆ ಇದರ ಪರಿಣಾಮ ಇನ್ನೂ ಗಂಭೀರ. ಇಂದು ನಮ್ಮ ಮೊಬೈಲ್‌ಗಳಿಗೆ ದಿನವೂ ಬರುವ ತುಣುಕುಗಳಲ್ಲಿ ಗುಂಪುಗಳದ್ದೇ ಹೆಚ್ಚು. ಎಲ್ಲೋ ಮೆರವಣಿಗೆ, ಎಲ್ಲೋ ಹೊಡೆದಾಟ, ಎಲ್ಲೋ ಯಾರನ್ನೋ ಸುತ್ತುವರಿದ ಜನ. ಒಬ್ಬರಿಂದ ಒಬ್ಬರಿಗೆ ದಾಟುವಾಗ ಇಂಥ ತುಣುಕುಗಳು ಮತ್ತೆ ಮತ್ತೆ ಹಿಂಡಿಸಿಕೊಳ್ಳುತ್ತವೆ. ಎಲ್ಲಿ, ಯಾವಾಗ ತೆಗೆದದ್ದು ಎಂಬ ಗುರುತು ದಾರಿಯಲ್ಲಿ ಉದುರಿಹೋಗುತ್ತದೆ. ಮುಖಗಳು ಮಂಜಾಗುತ್ತವೆ. ಅಂಗಡಿಯ ಫಲಕದ ಭಾಷೆ ಓದಲಾಗುವುದಿಲ್ಲ. ಬಿಂಬದಲ್ಲಿ ಹೀಗೆ ಖಾಲಿಯಾದ ಜಾಗವನ್ನು ತುಂಬಲು ಯಾರೋ ಒಬ್ಬರು ಒಂದು ಸಾಲು ಬರೆದು ಅಂಟಿಸುತ್ತಾರೆ: ಇವರು ಇಂಥವರು, ಇದು ನಮ್ಮ ಪಕ್ಕದ ಊರು. ಸ್ಪಷ್ಟವಾಗಿ ಕಂಡಿದ್ದರೆ ಸುಳ್ಳೆಂದು ತಿಳಿಯಬಹುದಾಗಿದ್ದದ್ದು, ಕಾಣದ ಕಾರಣಕ್ಕೆ ನಿಜವಾಗಿಬಿಡುತ್ತದೆ. ಮುಖವಿಲ್ಲದ ಗುಂಪಿಗೆ ಯಾವ ಹೆಸರನ್ನೂ ಅಂಟಿಸಬಹುದು. ಆ ಹೆಸರು ಎಷ್ಟೋ ಸಲ ಯಾರದ್ದಾಗಿರುತ್ತದೆ ಎಂಬುದನ್ನು ಈ ಪುಟಗಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಲೀಂ ಮಿರ್ಜಾನ ಮೆರವಣಿಗೆ ಮಂಜಾದಾಗ ಒಂದು ಚಿತ್ರದ ಅರ್ಥ ಕೆಟ್ಟಿತು. ಇಲ್ಲಿ ನೆರೆಹೊರೆಯೇ ಕೆಡುತ್ತದೆ.

ಹಾಗಾಗಿ ನೋಡುಗನೂ ಒಂದು ಅಭ್ಯಾಸ ರೂಢಿಸಿಕೊಳ್ಳಬೇಕೆಂದು ನಮಗನಿಸುತ್ತದೆ. ಕಂಡದ್ದರ ಬಗ್ಗೆ ತೀರ್ಪು ಕೊಡುವ ಮುನ್ನ, ಕಾಣದಂತೆ ಹೋದದ್ದು ಏನು ಎಂದು ಒಂದು ಕ್ಷಣ ಯೋಚಿಸುವುದು. ವಿಮರ್ಶಕನಿಗೆ ಇದು ವೃತ್ತಿಧರ್ಮ. ಮೊಬೈಲ್ ಹಿಡಿದ ಪ್ರತಿಯೊಬ್ಬನಿಗೂ ಇದು ಈಗ ನಾಗರಿಕ ಧರ್ಮವೂ ಹೌದು.

ಕೊನೆಗೆ ನಾವು ಮಿತ್ರರನ್ನು ಮನೆಗೆ ಕರೆದು, 2014ರ ಸರಿಪಡಿಸಿದ ಪ್ರತಿಯನ್ನು ದೊಡ್ಡ ಪರದೆಯಲ್ಲಿ ಹಾಕಿ ತೋರಿಸಿದೆವು. ಅವರು ಇಡೀ ಚಿತ್ರವನ್ನು ಮಾತಿಲ್ಲದೆ ನೋಡಿದರು. ಮುದುಕಿ ಹವೇಲಿಗೆ ಮರಳುವಾಗ ಕಣ್ಣೊರೆಸಿಕೊಂಡರು. ಮೆರವಣಿಗೆ ಬಂದಾಗ ಮುಂದಕ್ಕೆ ಬಾಗಿ ಕೂತರು. ಮುಗಿದ ಮೇಲೆ ಆ ದೃಶ್ಯವನ್ನು ಇನ್ನೊಮ್ಮೆ ಹಾಕಲು ಕೇಳಿದರು. ಎರಡನೆಯ ಸಲ ನೋಡಿ, “ಇಷ್ಟೊಂದು ಜನ ಇದ್ದರಾ!” ಎಂದರು. ಅವರ ಧ್ವನಿಯಲ್ಲಿ ಸಂತೋಷವೂ ಇತ್ತು, ಇಷ್ಟು ವರ್ಷ ಮೋಸ ಹೋದೆನಲ್ಲ ಎಂಬ ಸಣ್ಣ ನೋವೂ ಇತ್ತು.

ಇದ್ದರು. ಮೊದಲಿನಿಂದಲೂ ಅಲ್ಲಿಯೇ ಇದ್ದರು. ಚಿತ್ರ ಅವರನ್ನು ಒಬ್ಬೊಬ್ಬರನ್ನಾಗಿ ತೋರಿಸಿತ್ತು. ಅವರಿಗೆ ಜಾಗ ಸಾಲದು ಎಂದು ತೀರ್ಮಾನಿಸಿದ್ದು ನಡುವೆ ಬಂದ ಯಂತ್ರ, ಮತ್ತು ಆ ತೀರ್ಮಾನವನ್ನು ಪರಿಶೀಲಿಸದೆ ಮುಂದಕ್ಕೆ ದಾಟಿಸಿದ ನಾವು.